ಫೋನು ಕೂಡಿಸುತ್ತಿದ್ದವನು

ಅವತ್ತು ಫೋನು ಹೊಡೆಯಲೇ ಇಲ್ಲ. ನಾನು ಅದರ ಪಕ್ಕದಲ್ಲೇ ಕೂತಿದ್ದೆ. ಹೊಡೆಯಲಿಲ್ಲ ಅನ್ನುವುದು ಅವನಿಗೆ ಗೊತ್ತಿತ್ತು, ಯಾಕೆ ಹೊಡೆಯಲಿಲ್ಲ ಅನ್ನುವುದೂ ಗೊತ್ತಿತ್ತು. ನಾಲ್ಕು ಮಂದಿಯ ಮುಂದೆ ಕೇಳಿದಾಗ ಹೊಡೆದಿದೆ ಅಂದ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಆಮೇಲೆ ಮಂದಿ ಸೇರಿಸಿಕೊಂಡದ್ದು.

ಹೋದ ತಿಂಗಳು ಅವನು ಹುಮನಾಬಾದಿನಲ್ಲಿ ತೀರಿಕೊಂಡ. ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ನಮ್ಮ ಶಾಲೆಗಳನ್ನು ನಡೆಸುವ ಸಂಸ್ಥೆಯವರು ಅವನ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ, ಅವನನ್ನು ಬಲ್ಲವರೆಲ್ಲ ಏನಾದರೂ ಬರೆದುಕೊಡಬೇಕಂತೆ. ನನಗೂ ಹೇಳಿಕಳಿಸಿದರು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯಲು ಬರುತ್ತದೆ, ಹೊಗಳಲು ಬರುವುದಿಲ್ಲ. ಅವನ ಹೆಸರು ಮಾತ್ರ ಹಾಕುವುದಿಲ್ಲ. ಅವನ ಹೆಂಡತಿ ಅದೇ ಊರಿನಲ್ಲಿ ಸಂತೆಗೆ ಹೋಗಬೇಕು, ಮಕ್ಕಳು ಅದೇ ಓಣಿಯಲ್ಲಿ ಓಡಾಡಬೇಕು. ಅವರು ನನಗೇನೂ ಮಾಡಿಲ್ಲ.

ನಾನು ಬಸವಕಲ್ಯಾಣದಲ್ಲಿ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು. ಬಾಗಿಲ ಬಳಿ ಮೇಜಿನ ಮೇಲೆ ಇರುವ ಫೋನು ಎತ್ತುವುದೂ ನನ್ನದೇ ಕೆಲಸವಾಗಿತ್ತು. ಸಂಸ್ಥೆಯ ಕಚೇರಿ ಇರುವುದು ಹುಮನಾಬಾದಿನಲ್ಲಿ. ಮನ್ನಾಏಖೇಳ್ಳಿಯಲ್ಲಿ ಅವರದೇ ಇನ್ನೊಂದು ಶಾಲೆ. ಎಲ್ಲ ಊರಿನ ಫೋನುಗಳನ್ನೂ ಒಂದಕ್ಕೊಂದು ಕೂಡಿಸಿದ್ದರು. ಹೊರಗಿನ ಫೋನು ಹಾಸ್ಟೆಲಿಗೆ ನೇರವಾಗಿ ಬರುತ್ತಿರಲಿಲ್ಲ. ಯಾರ್ಯಾರೋ ಹುಡುಗಿಯರಿಗೆ ಫೋನು ಮಾಡಿಯಾರೆಂದು ಸೆಕ್ರೆಟರಿ ಸಾಹೇಬರು ಹಾಗೆ ಮಾಡಿಸಿದ್ದರು. ತಂದೆತಾಯಿ ಹುಮನಾಬಾದಿನ ಕಚೇರಿಗೆ ಹೋಗಿಯೋ ಫೋನು ಮಾಡಿಯೋ ಕೇಳಬೇಕು, ಅಲ್ಲಿನ ಕ್ಲರ್ಕು ನಮ್ಮ ನಂಬರು ಒತ್ತಬೇಕು, ಇಲ್ಲಿ ನಾನು ಎತ್ತಬೇಕು, ಹುಡುಗಿಯನ್ನು ಕೂಗಬೇಕು. ಹುಡುಗಿಯರ ಕೈಯಲ್ಲಿ ಮೊಬೈಲು ಇರಬಾರದು. ನನ್ನ ಕೈಯಲ್ಲೂ ಇರಲಿಲ್ಲ, ಬೇಕೂ ಅನಿಸಿರಲಿಲ್ಲ. ಹಾಗಾಗಿ ಆ ಒಂದು ಫೋನೇ ಆ ಮಕ್ಕಳಿಗೆ ಮನೆ.

ಆ ಫೋನುಗಳನ್ನು ಕೂಡಿಸುತ್ತಿದ್ದವನು ಅವನು.

ಸಣ್ಣ ಆಳು. ಅಂಗಿಯ ಕಿಸೆಯಲ್ಲಿ ಪೆನ್ನು ಇಡುವ ಕಡೆ ಟೆಸ್ಟರು ಇರುತ್ತಿತ್ತು. ವೈರನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ. ವೈರಿನ ಸಿಪ್ಪೆ ಸುಲಿಯಲು ಅವನ ಚೀಲದಲ್ಲಿ ಇಕ್ಕಳವಿತ್ತು, ಆದರೂ ಹಲ್ಲಿನಿಂದಲೇ ಸುಲಿಯುತ್ತಿದ್ದ. ಹಾಗೆ ಕಚ್ಚಿ ಕಚ್ಚಿ ಮುಂದಿನ ಹಲ್ಲು ಒಂದು ಕಡೆ ಸವೆದು ಗೆರೆ ಬಿದ್ದಿತ್ತು. ಏನಾದರೂ ಯೋಚನೆ ಬಂದರೆ ಆ ಗೆರೆಯನ್ನು ಹೆಬ್ಬೆರಳ ಉಗುರಿನಿಂದ ತಿಕ್ಕುತ್ತಿದ್ದ. ಹುಡುಗಿಯರು ಅವನನ್ನು ಫೋನ್ ಮಾಮಾ ಅನ್ನುತ್ತಿದ್ದರು. ನಾನು ತಮ್ಮಾ ಅನ್ನುತ್ತಿದ್ದೆ. ಅವನು ನನ್ನನ್ನು ಆಯಿ ಅನ್ನುತ್ತಿದ್ದ, ಹಾಸ್ಟೆಲಿನಲ್ಲಿ ಎಲ್ಲರೂ ಅನ್ನುವುದೇ ಹಾಗೆ.

ಕಲ್ಯಾಣಕ್ಕೆ ಕೆಲಸಕ್ಕೆ ಬಂದ ದಿನ ಊಟ ನಮ್ಮಲ್ಲೇ. ಕಾಲು ತೊಳೆಯದೆ ಅಡುಗೆಮನೆಗೆ ಬರುತ್ತಿರಲಿಲ್ಲ. ಪುಂಡಿ ಪಲ್ಯ ಅಂದರೆ ಪ್ರಾಣ. ಬಿಸಿ ರೊಟ್ಟಿಯ ಮೇಲೆ ಪಲ್ಯ ಹಾಕಿ, ನಡುವೆ ಕುಳಿ ಮಾಡಿ ಎಣ್ಣೆ ಬಿಟ್ಟುಕೊಂಡು, ಮಾತಾಡದೆ ತಿನ್ನುತ್ತಿದ್ದ. ತಿಂದಾದ ಮೇಲೆ ಮಾತು. ತಟ್ಟೆಯನ್ನು ತಾನೇ ತೊಳೆದಿಡುತ್ತಿದ್ದ. ನನ್ನ ಮಗ ಇಷ್ಟು ವರ್ಷದಲ್ಲಿ ಒಂದು ದಿನ ತಟ್ಟೆ ತೊಳೆದಿಲ್ಲ.

ಅವನು ಕೆಲಸ ಪರೀಕ್ಷೆ ಮಾಡುವ ರೀತಿ ಒಂದಿತ್ತು. ಹುಮನಾಬಾದಿನ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಏನಾದರೂ ಬದಲು ಮಾಡಿದನೆಂದರೆ ಕೊನೆಗೆ ನಮ್ಮ ಹಾಸ್ಟೆಲಿಗೆ ಫೋನು ಹಚ್ಚುತ್ತಿದ್ದ. ನಾನು ಎತ್ತಿದರೆ ಹಲೋ ಇಲ್ಲ, ಏನಿಲ್ಲ.

"ಆಯಿ, ಇವತ್ತ ಪಲ್ಯ ಏನ್ರಿ?"

"ಬದನೀಕಾಯಿ. ನೀ ಅಲ್ಲೇ ಕೂತು ವಾಸನಿ ತಗೊ."

ನಗುತ್ತಿದ್ದ, ಇಡುತ್ತಿದ್ದ. ಅಷ್ಟಾದರೆ ಕೆಲಸ ಮುಗಿಯಿತು. ಮನ್ನಾಏಖೇಳ್ಳಿಯ ಜವಾನನಿಗೂ ಹಾಗೇ ಕೇಳುತ್ತಾನೇನು ಅಂತ ಒಮ್ಮೆ ಕೇಳಿದೆ. ಅಲ್ಲಿ ಪಲ್ಯ ಚೆನ್ನಾಗಿರುವುದಿಲ್ಲ, ಅವನ ಹತ್ತಿರ ಮಳೆ ಕೇಳುತ್ತೇನೆ ಅಂದ.

ಹುಮನಾಬಾದಿನಲ್ಲಿ ಫೋನುಗಳನ್ನು ಕೂಡಿಸುವ ಹಳೆಯ ಯಂತ್ರ ತೆಗೆದು ಹೊಸದು ಕೂರಿಸಿದ ವರ್ಷ ಅವನು ಬಹಳ ಓಡಾಡಿದ. ಹುಮನಾಬಾದಿಗೆ ಹೊಸದು ಬಂತು, ಮನ್ನಾಏಖೇಳ್ಳಿಗೆ ಹೊಸದು ಬಂತು, ಕಲ್ಯಾಣದಲ್ಲಿ ಮಾತ್ರ ಹಳೆಯ ಡಬ್ಬಿಯೇ ಉಳಿಯಿತು. ಹೊಸದೂ ಹಳೆಯದೂ ಒಂದಕ್ಕೊಂದು ಮಾತು ತಿಳಿಯದೆ ವಾರಗಟ್ಟಲೆ ಪೀಕಲಾಟ. ಒಮ್ಮೆ ನಮ್ಮ ಮಾತು ಅವರಿಗೆ ಕೇಳುತ್ತಿತ್ತು, ಅವರದು ನಮಗಿಲ್ಲ. ಒಮ್ಮೆ ಎತ್ತಿದ ಕೂಡಲೇ ಕಟ್ಟಾಗುತ್ತಿತ್ತು. ಏನಿದರ ಸಂಕಟ ಅಂತ ಕೇಳಿದೆ. ನನ್ನ ಸೊಸೆ ಉದಗೀರ ಕಡೆಯವಳು, ಮರಾಠಿ ಮನೆಯಿಂದ ಬಂದವಳು. ಅವನು ರೊಟ್ಟಿ ಮುರಿಯುತ್ತಲೇ ಅದನ್ನು ಹಿಡಿದುಕೊಂಡ.

"ನಿಮ್ಮ ಸೊಸಿಗಿ ಮರಾಠಿನೂ ಬರ್ತದ, ಕನ್ನಡನೂ ಬರ್ತದ. ನಿಮಗ ಕನ್ನಡ ಒಂದೇ. ಹಂಗಾದ ಮ್ಯಾಲ ನಿಮ್ಮ ಜತಿ ಮಾತಾಡುವಾಗ ಆಕಿ ಕನ್ನಡ ಮಾತಾಡಬೇಕು, ಹೌದಿಲ್ರಿ? ಹೊಸ ಡಬ್ಬಿ ನಿಮ್ಮ ಸೊಸಿ. ಕಲ್ಯಾಣದ್ದು ಹಳೇದು ಅಂತ ಅದಕ್ಕ ನಾ ಹೇಳಿಡಬೇಕು. ಹೇಳಿಡದಿದ್ರ ಮರಾಠಿನೇ ಶುರು ಮಾಡ್ತದ."

"ಅಂದ್ರ ಹೊಸದೇ ಬಗ್ಗಬೇಕು."

"ಹೌದ್ರಿ. ಹಳೇದು ಬಗ್ಗಂಗಿಲ್ಲ."

ಈ ಮಾತನ್ನು ಮನೆಗೆ ಹೋಗಿ ಸೊಸೆಗೆ ಹೇಳಿದೆ. ಅವಳಿಗೆ ನಗು ಬರಲಿಲ್ಲ.

ಆಮೇಲೆ ಅವನು ಇನ್ನೊಂದು ಹೇಳಿದ, ಅದನ್ನು ನಾನು ಮರೆತಿಲ್ಲ. ಊರಿಂದ ಊರಿಗೆ ಹೀಗೆ ಹಳೆಯದು, ಹೊಸದು ಅಂತ ಗುರುತು ಹಾಕಿಡುವುದರಲ್ಲಿ ತಪ್ಪಿದರೆ, ಹೊಸ ಡಬ್ಬಿ ಸುಳ್ಳು ಹೇಳುತ್ತದಂತೆ. ಹುಮನಾಬಾದಿನಲ್ಲಿ ಕರೆ ಮಾಡಿದವನ ಕಿವಿಯಲ್ಲಿ ತಾನೇ ಗಂಟೆ ಹೊಡೆಯುತ್ತಲೇ ಇರುತ್ತದಂತೆ. ಅವನು ಆ ಕಡೆ ಹೊಡೆಯುತ್ತಿದೆ, ಯಾರೂ ಎತ್ತುತ್ತಿಲ್ಲ ಅಂತ ತಿಳಿಯುತ್ತಾನೆ. ಆ ಕಡೆ ಫೋನು ಸುಮ್ಮನೆ ಕೂತಿರುತ್ತದೆ. "ಅದಕ್ಕರಿ ಆಯಿ, ಕಿವ್ಯಾಗಿನ ಗಂಟಿ ನಾ ನಂಬಂಗಿಲ್ಲ. ನಿಮ್ಮ ಧ್ವನಿ ಕೇಳೋತನ ಕುರ್ಚಿ ಬಿಟ್ಟು ಏಳಂಗಿಲ್ಲ" ಅಂದಿದ್ದ.

ಅಡುಗೆಮನೆಯಲ್ಲಿ ನನಗೆ ಫೋನು ಸರಿಯಾಗಿ ಕೇಳುವುದಿಲ್ಲವೆಂದು ಅಲ್ಲೊಂದು ದೊಡ್ಡ ಗಂಟೆಯನ್ನೂ ಅವನೇ ಕೂರಿಸಿದ್ದ. ನಾನು ಕೇಳಿರಲಿಲ್ಲ. ಒಂದು ದಿನ ಬಂದ, ಗೋಡೆಗೆ ಮೊಳೆ ಹೊಡೆದ, ವೈರು ಎಳೆದ. ಅದು ಹೊಡೆದರೆ ಅಂಗಳದಲ್ಲಿ ಬಟ್ಟೆ ಒಗೆಯುವ ಹುಡುಗಿಯರೂ ತಿರುಗಿ ನೋಡುತ್ತಿದ್ದರು. ಅಂಥ ಗಂಟೆ.

ಒಳ್ಳೆಯವನಾಗಿದ್ದ. ಈ ಮಾತನ್ನು ಹಲ್ಲು ಕಚ್ಚಿಕೊಂಡೇನೂ ಬರೆಯುತ್ತಿಲ್ಲ, ಇದ್ದದ್ದು ಇದ್ದಹಾಗೆ. ಆದರೆ ಅವನಲ್ಲಿ ಒಂದು ಗುಣವಿತ್ತು. ಕೆಲಸದಲ್ಲಿ ಏನು ಹೆಚ್ಚುಕಡಿಮೆಯಾದರೂ ತನ್ನದು ಅನ್ನುತ್ತಿರಲಿಲ್ಲ. ಇಲಿ ಕಡಿದಿದೆ ಅನ್ನುತ್ತಿದ್ದ. ಕರೆಂಟಿನವರು ಏರಿಳಿಸಿದ್ದಾರೆ ಅನ್ನುತ್ತಿದ್ದ. ಮಳೆ ಇಲ್ಲದ ದಿನವೂ ವೈರಿನಲ್ಲಿ ನೀರು ಹೊಕ್ಕಿದೆ ಅನ್ನುತ್ತಿದ್ದ. ಬೈಸಿಕೊಳ್ಳುವುದೆಂದರೆ ಅವನಿಗೆ ಆಗದು, ಯಾರಾದರೂ ದನಿ ಎತ್ತಿದರೆ ಕಿವಿ ಕೆಂಪಾಗುತ್ತಿತ್ತು. ನಾನು ನಗುತ್ತಿದ್ದೆ. ಪಾಪ ಇಲಿ, ಅದನ್ನು ಕರೆದು ಯಾರು ಕೇಳಬೇಕು. ಒಂದು ದಿನ ಇಲಿಯ ಜಾಗದಲ್ಲಿ ನನ್ನನ್ನು ಕೂರಿಸುತ್ತಾನೆ ಅಂತ ಆಗ ಹೊಳೆಯಲಿಲ್ಲ.

ಅವತ್ತು ಶನಿವಾರ. ಬೆಳಗಿನ ಶಾಲೆ ಮುಗಿದು ಮಾಸ್ತರರು ಮನೆಗೆ ಹೋಗಿದ್ದರು. ಹಾಸ್ಟೆಲಿನ ಮೇಡಂ ಬೀದರಿಗೆ ಯಾವುದೋ ಮೀಟಿಂಗಿಗೆ ಹೋಗಿದ್ದರು, ಅವರ ಮೊಬೈಲು ಬಂದ್ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ನಾನು ಫೋನಿನ ಮೇಜಿನ ಪಕ್ಕ ಚಾಪೆ ಹಾಸಿಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದೆ. ಮಧ್ಯಾಹ್ನವೆಲ್ಲ ಅಲ್ಲೇ. ಫೋನು ಒಮ್ಮೆಯೂ ಹೊಡೆಯಲಿಲ್ಲ. ಅಡುಗೆಮನೆಯ ಗಂಟೆಯೂ ಹೊಡೆಯಲಿಲ್ಲ. ಶನಿವಾರ ಅಷ್ಟು ಸುಮ್ಮನಿರುವುದು ವಿಚಿತ್ರ ಅನಿಸಿತು. ಆದರೂ ಸುಮ್ಮನಿದ್ದರೆ ನನಗೇನು ನಷ್ಟ ಅಂತ ಬೇಳೆ ಕೇರುತ್ತ ಕೂತೆ.

ಹೊತ್ತು ಇಳಿಯುವಾಗ ನಿರ್ಣಾ ಊರಿನವನೊಬ್ಬ ಮೋಟರ್ ಸೈಕಲ್ ಮೇಲೆ ಬಂದ. ನಮ್ಮ ನಂದಾಳ ಕಾಕಾ. ನಂದಾ ಹತ್ತನೇ ಇಯತ್ತೆಯ ಹುಡುಗಿ. ಮಾತು ಕಡಿಮೆ, ಲೆಕ್ಕದಲ್ಲಿ ಚುರುಕು. ಅವಳ ತಾಯಿಗೆ ಬಹಳ ದಿನದಿಂದ ಮೈ ನೆಟ್ಟಗಿರಲಿಲ್ಲ. ತಾಯಿಯ ಫೋನು ಬಂದರೆ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲುತ್ತಿದ್ದಳು, ಬಿದ್ದು ಒಡೆದೀತು ಅನ್ನುವ ಹಾಗೆ.

ಆ ಕಾಕಾ ಗೇಟಿನಲ್ಲೇ ಶುರು ಮಾಡಿದ.

"ಫೋನ್ ಎತ್ತಾಕ ಕೈಗಿ ಏನಾಗಿತ್ತು? ಮಧ್ಯಾಹ್ನದಿಂದ ಹಚ್ಚಾಕತ್ತಾರ. ಆಕಿ ತಾಯಿ ಮಗಳ್ನ ಕರೀರಿ, ಕರೀರಿ ಅಂತ ಹೇಳಿ ಹೇಳಿ ಕಣ್ಣ ಮುಚ್ಯಾಳ."

ತಾಯಿಯನ್ನು ಬೆಳಿಗ್ಗೆ ಹುಮನಾಬಾದಿನ ದವಾಖಾನೆಗೆ ತಂದಿದ್ದರಂತೆ. ಉಳಿಯುವುದಿಲ್ಲ ಅಂದ ಕೂಡಲೇ ತಂದೆ ಸಂಸ್ಥೆಯ ಕಚೇರಿಗೆ ಓಡಿಬಂದಿದ್ದಾನೆ. ಕ್ಲರ್ಕು ನಮಗೆ ಹಚ್ಚಿದ್ದಾನೆ. ಗಂಟೆ ಹೊಡೆಯುತ್ತಿದೆ, ಯಾರೂ ಎತ್ತುತ್ತಿಲ್ಲ ಅಂದಿದ್ದಾನೆ. ಮತ್ತೆ ಹಚ್ಚಿದ್ದಾನೆ, ಮತ್ತೆ. ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಅಂತ ಕಾದದ್ದರಲ್ಲೇ ಹೊತ್ತು ಹೋಗಿದೆ. ಮೊದಲೇ ಇಲ್ಲಿಗೆ ಹೊರಟಿದ್ದರೆ ಹುಡುಗಿ ಮುಟ್ಟುತ್ತಿದ್ದಳು.

ನಂದಾ ಒದ್ದೆ ಕೈಯಲ್ಲೇ ಮೋಟರ್ ಸೈಕಲ್ ಹತ್ತಿದಳು. ನನ್ನ ಕಡೆ ನೋಡಲಿಲ್ಲ.

ಅವರು ಹೋದ ಮೇಲೆ ನಾನು ಫೋನೆತ್ತಿ ಹುಮನಾಬಾದಿಗೆ ಹಚ್ಚಿದೆ. ಹತ್ತಿತು. ಕ್ಲರ್ಕು ಎತ್ತಿದ. "ಫೋನ್ ಸರಿ ಅದಲ್ರಿ ಆಯಿ, ಈಗ ನೀವೇ ಮಾತಾಡಾಕತ್ತೀರಿ" ಅಂದ. ನಾನು ನನ್ನ ಕೈಯಾರೆ ಸಾಕ್ಷಿ ಒದಗಿಸಿಕೊಟ್ಟ ಹಾಗಾಯಿತು. ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಂದ ಇಲ್ಲಿಗೆ ಬರುತ್ತಿರಲಿಲ್ಲ, ಆದರೆ ಅದನ್ನು ಯಾರು ಕೇಳುತ್ತಾರೆ.

ಮರುದಿನ ಭಾನುವಾರ ಮಧ್ಯಾಹ್ನ ಫೋನು ಹೊಡೆಯಿತು. ಗೋಡೆಯ ಗಂಟೆಯೂ ಹೊಡೆಯಿತು. ಎತ್ತಿದೆ. ಅವನು. ಪಲ್ಯ ಕೇಳಲಿಲ್ಲ. "ಕೇಳಸಾಕತ್ತದೇನ್ರಿ?" ಅಂದ. ಕೇಳುತ್ತದೆ ಅಂದೆ. ಇಟ್ಟುಬಿಟ್ಟ. ನಾನು ರಿಸೀವರ್ ಹಿಡಿದುಕೊಂಡು ನಿಂತೇ ಇದ್ದೆ. ರಜೆಯ ದಿನ ಕಚೇರಿ ತೆಗೆಸಿ ಕೂತು ಇವನು ಏನು ಸರಿ ಮಾಡಿದ? ಸರಿ ಇದ್ದದ್ದನ್ನು ಯಾರೂ ಸರಿ ಮಾಡುವುದಿಲ್ಲ. ನನಗೆ ಆಗಲೇ ತಿಳಿಯಿತು. ತಿಳಿದು ಹಗುರವಾಯಿತು ಅಂತಲೇ ಹೇಳಬೇಕು. ಇವನಿಗೆ ಗೊತ್ತಾಗಿದೆಯಲ್ಲ, ಇವನೇ ಹೇಳುತ್ತಾನೆ ಅಂದುಕೊಂಡೆ.

ಸೋಮವಾರ ಹುಮನಾಬಾದಿಗೆ ಕರೆಸಿದರು. ಸೆಕ್ರೆಟರಿ ಸಾಹೇಬರು, ಕ್ಲರ್ಕು, ನಂದಾಳ ಕಾಕಾ, ಅವನು, ನಾನು. ನನಗೂ ಕುರ್ಚಿ ಕೊಟ್ಟರು. ಕುರ್ಚಿ ಕೊಟ್ಟಾಗಲೇ ನನಗೆ ಅಂಜಿಕೆಯಾಯಿತು, ಯಾವತ್ತೂ ಕೊಟ್ಟವರಲ್ಲ.

ಕ್ಲರ್ಕು ತಾನು ಕಿವಿಯಾರೆ ಗಂಟೆ ಕೇಳಿದ್ದೇನೆ ಅಂದ. ಅವನು ಸುಳ್ಳು ಹೇಳುತ್ತಿರಲಿಲ್ಲ, ಕೇಳಿಯೇ ಇದ್ದ. ನಾನು ಪಕ್ಕದಲ್ಲೇ ಕೂತಿದ್ದೆ, ಇಲ್ಲಿ ಹೊಡೆದಿಲ್ಲ ಅಂದೆ. ಅಂಗಳದಲ್ಲಿದ್ದ ಹುಡುಗಿಯರನ್ನು ಕೇಳಿ ಅಂದೆ. ಹುಡುಗಿಯರು ನಿಮ್ಮ ಕೈಯ ರೊಟ್ಟಿ ತಿನ್ನುವವರು, ನೀವು ಹೇಳಿಕೊಟ್ಟದ್ದನ್ನೇ ಹೇಳುತ್ತಾರೆ ಅಂದರು ಸಾಹೇಬರು. ಆಮೇಲೆ ಅವನ ಕಡೆ ತಿರುಗಿ, ಯಂತ್ರ ನಿನ್ನದು, ನೀನು ಹೇಳು ಅಂದರು.

ಅವನು ಹಲ್ಲಿನ ಗೆರೆ ತಿಕ್ಕಿಕೊಂಡ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ.

"ಮಷಿನ್ ಸರಿ ಅದರಿ. ಗಂಟಿ ಹೊಡದದ. ಆಯೀದೂ ತಪ್ಪ ಅನ್ನಂಗಿಲ್ರಿ, ವಯಸ್ಸ ಆಗ್ಯಾದ. ಅಡಗಿಮನ್ಯಾಗ ಇದ್ದಿರ್ಬೇಕು, ಕೇಳಿಸಿರಂಗಿಲ್ಲ."

ಎಷ್ಟು ಮೆತ್ತಗೆ ಹೇಳಿದ ಅಂದರೆ, ನನ್ನ ಪರ ವಹಿಸಿದ ಹಾಗೇ ಇತ್ತು. ಬೈದಿದ್ದರೆ ನಾನೂ ಬೈಯಬಹುದಿತ್ತು.

"ಅಡಗಿಮನ್ಯಾಗ ನೀನೇ ಗಂಟಿ ಕೂಡಿಸೀಯಲ್ಲೋ ತಮ್ಮಾ" ಅಂದೆ.

ಅವನು ನನ್ನನ್ನು ನೋಡಲಿಲ್ಲ. "ಆ ಗಂಟಿ ಆಗಾಗ ಕೆಡ್ತದ್ರಿ" ಅಂತ ಸಾಹೇಬರಿಗೆ ಹೇಳಿದ.

ಕಿವಿಯೊಳಗಿನ ಗಂಟೆಯ ಬಗ್ಗೆ ಅವನೇ ನನಗೆ ಹೇಳಿದ್ದನ್ನು ನಾನು ಸಾಹೇಬರಿಗೆ ಹೇಳಿದೆ. ಅಂಥದ್ದೇನಾದರೂ ಇದೆಯೇ ಅಂತ ಸಾಹೇಬರು ಅವನನ್ನು ಕೇಳಿದರು. ಅವನು ನಕ್ಕ. ಊಟ ಮಾಡುವಾಗ ಚೇಷ್ಟೆಗೆ ಏನೇನೋ ಹೇಳಿರುತ್ತೇನೆ, ಆಯಿ ಖರೆ ಅಂತ ತಿಳಿದುಕೊಂಡಿದ್ದಾರೆ ಅಂದ. ಕ್ಲರ್ಕು ನಕ್ಕ. ಸಾಹೇಬರೂ ನಕ್ಕರು. ನನ್ನ ಅಡುಗೆಮನೆಯಲ್ಲಿ ಕೂತು ಆಡಿದ ಮಾತನ್ನು ಒಯ್ದು ಅಲ್ಲಿ ಹಾಗೆ ಬಿಸಾಡಿದ.

ನನಗೆ ಹೆಚ್ಚಿನದೇನೂ ಮಾಡಲಿಲ್ಲ. ಫೋನನ್ನು ಮೇಡಂ ಕೋಣೆಗೆ ಹಾಕಿಸುತ್ತೇವೆ, ನೀವು ಅಡುಗೆಯಷ್ಟೇ ನೋಡಿಕೊಳ್ಳಿ ಅಂದರು. ಅದರಿಂದ ನನಗೆ ಕೆಲಸ ಒಂದು ಕಡಿಮೆಯಾಯಿತು, ಅಷ್ಟೇ. ಆದರೆ ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿಯವರೆಗೆ ಸುಮ್ಮನಿದ್ದ ನಂದಾಳ ಕಾಕಾ ಎದ್ದು ನಿಂತ.

"ಫೋನ್ ಎಲ್ಲಿ ಇಟ್ರೂ ಎತ್ತೋರು ಇವರೇ ಅಲ್ರಿ. ಇವರ ಭರವಸಿ ಮ್ಯಾಲ ನಮ್ಮ ಹುಡುಗಿಗಿ ಇನ್ನ ಬಿಡಂಗಿಲ್ಲ. ನಮ್ಮ ಅಣ್ಣ ಹೇಳ್ಯಾನ, ಆಕಿ ಹೆಸರ ತಗದುಬಿಡ್ರಿ. ಮನ್ಯಾಗ ಸಣ್ಣ ಹುಡುಗುರು ಅವ, ಅಡಗಿ ಮಾಡಾಕ ಒಬ್ಬರು ಬೇಕು."

ಹತ್ತನೇ ಇಯತ್ತೆ. ಪರೀಕ್ಷೆ ದೂರವೇನಿರಲಿಲ್ಲ. ತಾಯಿ ಸತ್ತ ಮನೆಯಲ್ಲಿ ಒಮ್ಮೆ ಒಲೆಯ ಮುಂದೆ ಕೂತ ಹುಡುಗಿ ಆಮೇಲೆ ಏಳುವುದಿಲ್ಲ. ನನಗೆ ಗೊತ್ತು, ನಾನು ನಾಲ್ಕನೇ ಇಯತ್ತೆಯಲ್ಲಿ ಕೂತವಳು. ನಾನು ಮತ್ತೆ ಅವನ ಮುಖ ನೋಡಿದೆ. ಈಗಲಾದರೂ ಹೇಳುತ್ತಾನೆ ಅಂದುಕೊಂಡೆ. ತಪ್ಪು ಫೋನಿನದು ಅಂತಾದರೆ ಫೋನು ಈಗ ಸರಿಯಾಗಿದೆ, ಹುಡುಗಿ ಬರಬಹುದು. ತಪ್ಪು ನನ್ನದು ಅಂತಾದರೆ ಅವಳು ಬರುವಂತಿಲ್ಲ. ಇಷ್ಟು ಸಣ್ಣ ಲೆಕ್ಕ. ಅವನು ಮೇಜಿನ ಮೇಲಿದ್ದ ವೈರಿನ ತುಂಡನ್ನು ಸುತ್ತುತ್ತ ಕೂತಿದ್ದ.

ನಾನು ಬಸ್ ಸ್ಟ್ಯಾಂಡಿಗೆ ನಡೆದೆ. ಅವನು ಹಿಂದೆಯೇ ಬಂದ. ಎರಡು ಕಪ್ ಚಹಾ ತಂದು ಒಂದನ್ನು ನನ್ನ ಪಕ್ಕದ ಕಟ್ಟೆಯ ಮೇಲಿಟ್ಟ. ನಾನು ಮುಟ್ಟಲಿಲ್ಲ. ಆಗ ಹೇಳಿದ. ಯಾರೂ ಕೇಳುವವರಿಲ್ಲದಲ್ಲಿ ಎಲ್ಲವನ್ನೂ ಹೇಳಿದ.

ಹುಲಸೂರಿನಲ್ಲಿ ಸಂಸ್ಥೆಯ ಹೊಸ ಶಾಲೆ ಶುರುವಾಗಿತ್ತು. ಆ ಶನಿವಾರದ ಹಿಂದಿನ ದಿನ ಅದನ್ನು ಕೂಡಿಸುವಾಗ ಒಂದೊಂದೇ ಊರಿಗೆ ಗುರುತು ಹಾಕುವುದು ಬೇಸರವಾಗಿ, ಎಲ್ಲ ಊರಿಗೂ ಒಮ್ಮೆಲೇ ಹೊಸದು ಅಂತ ಹಾಕಿದ್ದನಂತೆ. ಆಮೇಲೆ ಕಲ್ಯಾಣದ್ದನ್ನು ಹಳೆಯದು ಅಂತ ತಿದ್ದಬೇಕಿತ್ತು. ಮರೆತ. ಹಾಸ್ಟೆಲಿಗೆ ಪಲ್ಯ ಕೇಳಲು ಹಚ್ಚಿದ್ದನಂತೆ ಕೂಡ. ಕಿವಿಯಲ್ಲಿ ಗಂಟೆ ಹೊಡೆಯಿತು, ನಾನು ಎತ್ತಲಿಲ್ಲ. ಹೆಂಡತಿಯ ತಮ್ಮನ ನಿಶ್ಚಯಕ್ಕೆ ಹೋಗಬೇಕಿತ್ತು. ಆಯಿ ರೊಟ್ಟಿ ಬಡಿಯುತ್ತಿರಬೇಕು ಅಂತ ಎದ್ದು ಹೋದ. ನನ್ನ ಧ್ವನಿ ಕೇಳುವ ತನಕ ಏಳುವುದಿಲ್ಲ ಅಂದವನು.

ತಿರುಗಿ ಹೋಗಿ ಇದನ್ನೇ ಸಾಹೇಬರಿಗೆ ಹೇಳು, ಕಚೇರಿ ಇನ್ನೂ ತೆರೆದಿದೆ ಅಂದೆ.

"ನಿಮಗ ಬೈದು ಬಿಡ್ತಾರ್ರಿ ಆಯಿ, ನಿಮ್ಮ ರೊಟ್ಟಿ ಬಿಟ್ಟು ಅವರು ಎಲ್ಲಿ ಹೋಗ್ತಾರ. ನನಗ ತಗದೇ ಬಿಡ್ತಾರ. ಎಲ್ಲಾ ಊರಿನ ಕೆಲಸ ಹೋಗ್ತದ."

"ನನಗ ಬೈದ್ರು ಅಂತ ನಾ ಬಂದಿಲ್ಲ. ಆ ಹುಡುಗಿಗಿ ಶಾಲಿ ಬಿಡಸಾಕತ್ತಾರ."

"ಇನ್ನೊಂದು ಶಾಲೀಗಿ ಹಾಕ್ತಾರ ಬಿಡ್ರಿ. ಸಣ್ಣಾಕಿ ಅದಾಳ, ಮರೀತಾಳ."

ಅವನು ತಪ್ಪು ಮಾಡಿದ್ದು ನನಗೆ ಅಷ್ಟು ನಾಟಲಿಲ್ಲ. ಕೆಲಸ ಮಾಡುವವರ ಕೈ ತಪ್ಪುತ್ತದೆ, ನನ್ನ ಸಾರಿನಲ್ಲೂ ಉಪ್ಪು ಹೆಚ್ಚಾಗುತ್ತದೆ. ಮುಂದೆ ಕೂತವರಿಗೆ ಸುಳ್ಳು ಹೇಳಿದ್ದನ್ನೂ ಅಂಜಿಕೆ ಅಂತ ಬಿಡಬಹುದಿತ್ತೇನೋ. ಆದರೆ ಮರೆಯುತ್ತಾಳೆ ಅಂದದ್ದು, ಅದೂ ಚಹಾ ಊದಿ ಊದಿ ಕುಡಿಯುತ್ತ ಅಂದದ್ದು, ನನಗೆ ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ.

ಕಲ್ಯಾಣದ ಬಸ್ಸು ಬಂತು. ಮಂದಿ ಮುಗಿಬಿದ್ದರು. ಅವನು ಓಡಿಹೋಗಿ ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಒಳಗೆ ಎಸೆದು ನನಗೊಂದು ಸೀಟು ಹಿಡಿದ. ಯಾವಾಗಲೂ ಹಾಗೇ ಮಾಡುತ್ತಿದ್ದ. ನಾನು ಹತ್ತಿ, ಆ ಟವೆಲನ್ನು ಕಿಟಕಿಯಿಂದ ಅವನ ಕೈಗೆ ಕೊಟ್ಟೆ. ಆ ಸೀಟಿನಲ್ಲಿ ಬೇರೆ ಯಾರೋ ಕೂತರು. ನಾನು ಕಲ್ಯಾಣದವರೆಗೆ ನಿಂತೇ ಬಂದೆ.

ಅದಾದ ಮೇಲೆ ಅವನು ನಮ್ಮ ಹಾಸ್ಟೆಲಿಗೆ ಕಾಲಿಡಲಿಲ್ಲ. ಕೆಲಸ ಬಿದ್ದರೆ ಬೇರೆ ಯಾರನ್ನೋ ಕಳಿಸುತ್ತಿದ್ದ. ಸತ್ತಾಗ ಮಣ್ಣಿಗೆ ಹೋಗೋಣ ಬಾ ಅಂತ ಮೇಡಂ ಕರೆದರು. ನಾನು ಹೋಗಲಿಲ್ಲ. ಎಲ್ಲರೂ ಹೋಗಿ ಬಂದು, ಎಂಥ ಮನುಷ್ಯ, ಒಬ್ಬರಿಗೂ ಎದುರು ಮಾತಾಡಲಿಲ್ಲ ಅಂದರು. ಖರೆ, ಆಡಲಿಲ್ಲ. ಆಡಬೇಕಾದ ದಿನವೂ ಆಡಲಿಲ್ಲ.

ಇನ್ನು ಬಸ್ಸಿನಲ್ಲಿ ನಿಂತು ಬಂದ ಮರುದಿನ ಬೆಳಿಗ್ಗೆ ನಾನು ಮಾಡಿದ್ದನ್ನು ಬರೆದು ಮುಗಿಸುತ್ತೇನೆ.

ಎದ್ದು ಹುಡುಗಿಯರಿಗೆ ಚುರುಮುರಿಯ ಸುಸಲಾ ಮಾಡಿಟ್ಟೆ. ಒಂದು ಗಂಟು ರೊಟ್ಟಿ ಬಡಿದು, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಂಡೆ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಮಾತಾಡಿಸಲು ಹೋಗುವವರು ಬುತ್ತಿ ಒಯ್ಯಬೇಕು. ಮೇಡಂಗೆ ಹೋಗಿಬರುತ್ತೇನೆ ಅಂದೆ, ಎಲ್ಲಿಗೆ ಅಂತ ಹೇಳಲಿಲ್ಲ. ಹುಮನಾಬಾದಿನಲ್ಲಿ ಬಸ್ಸು ಬದಲಿಸಿ ನಿರ್ಣಾಕ್ಕೆ ಹೋದೆ.

ನಂದಾಳ ತಂದೆ ಅಂಗಳದಲ್ಲಿ ಕೂತಿದ್ದ. ಗಡ್ಡ ಬಂದಿತ್ತು. ಕಾಕಾ ನನ್ನನ್ನು ನೋಡಿ ಒಳಗೆ ಬರಬೇಡ ಅನ್ನುವ ಹಾಗೆ ಎದ್ದ. ತಂದೆ ಅವನಿಗೆ ಕೈಸನ್ನೆ ಮಾಡಿ ಕೂರಿಸಿದ. ನಂದಾ ಬಾಗಿಲಿನಲ್ಲಿ ತಂಗಿಯ ತಲೆ ಬಾಚುತ್ತಿದ್ದಳು. ರೊಟ್ಟಿಯ ಗಂಟನ್ನು ಕೆಳಗಿಟ್ಟು ನಾನು ನಿಂತಲ್ಲೇ ಹೇಳಿದೆ. ಫೋನು ಹೊಡೆದಿಲ್ಲ. ಯಾಕೆ ಹೊಡೆದಿಲ್ಲ ಅಂದರೆ ಹೀಗೆ. ಇದನ್ನು ನನಗೆ ಹೇಳಿದವನು ಫೋನು ಕೂಡಿಸುವವನೇ, ನಿನ್ನೆ, ಸ್ಟ್ಯಾಂಡಿನಲ್ಲಿ.

"ಆಫೀಸದಾಗ ಅಂವ ಬ್ಯಾರೆ ಹೇಳ್ಯಾನಂತಲ್ರಿ" ಅಂದ ತಂದೆ. "ಸ್ಟ್ಯಾಂಡದಾಗ ಹೇಳಿದ್ದು ಯಾರ ಕೇಳ್ಯಾರ?"

"ನಾ ಒಬ್ಬಾಕಿನೇ."

"ಹಂಗಾರ ನಾ ಹ್ಯಾಂಗ ನಂಬಲ್ರಿ, ಆಯಿ?"

ಅವನು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾಕಾನ ಕೈಯಲ್ಲಿ ಮೊಬೈಲಿತ್ತು. ಫೋನು ಕೆಟ್ಟಾಗ ಹೇಳಲೆಂದು ಅವನ ನಂಬರು ನನಗೆ ಬಾಯಿಪಾಠವಿತ್ತು. ಹಚ್ಚು, ಎಲ್ಲರಿಗೂ ಕೇಳುವ ಹಾಗೆ ದೊಡ್ಡದಾಗಿ ಇಡು ಅಂದೆ. ಕಾಕಾ ಅಣ್ಣನ ಮುಖ ನೋಡಿದ. ಅಣ್ಣ ಹೂಂ ಅಂದ. ಹಚ್ಚಿದ.

ಹಲೋ ಅಂದ ಅವನು.

"ತಮ್ಮಾ, ನಾ ಆಯಿ. ನಿರ್ಣಾದಾಗ ನಂದಾನ ಮನ್ಯಾಗ ಇದ್ದೀನಿ. ಆಕಿ ಅಪ್ಪ ಕೇಳಾಕತ್ತಾನ. ನಿನ್ನಿ ಸ್ಟ್ಯಾಂಡದಾಗ ನನಗ ಹೇಳಿದ್ದು ಇವರಿಗಿ ಒಮ್ಮೆ ಹೇಳು."

ಅವನಿದ್ದಲ್ಲಿ ಲಾರಿ ಹೋಗುತ್ತಿತ್ತು, ಅದು ಕೇಳಿಸಿತು. ಲಾರಿ ದಾಟಿ ಹೋಯಿತು. ಅವನು ಇನ್ನೂ ಅಲ್ಲೇ ಇದ್ದ, ಉಸಿರು ಕೇಳುತ್ತಿತ್ತು. ಅಂಗಳದಲ್ಲಿ ಎಲ್ಲರೂ ಆ ಮೊಬೈಲನ್ನೇ ನೋಡುತ್ತಿದ್ದರು.

"ಆಮ್ಯಾಲ ಮಾತಾಡ್ತೀನ್ರಿ ಆಯಿ" ಅಂದು ಇಟ್ಟುಬಿಟ್ಟ.

"ಫೋನ್ ಮಾಮಾ" ಅಂದಳು ನಂದಾ. ಬಾಚಣಿಗೆ ತಂಗಿಯ ಕೂದಲಲ್ಲೇ ನಿಂತಿತ್ತು.

ಕಾಕಾ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಏನೂ ಹೇಳಲಿಲ್ಲವಲ್ಲ ಅಂದ.

"ಏನ್ ಹೇಳಬೇಕು ಅಂತ ಕೇಳಲೂ ಇಲ್ಲಲ್ಲೋ ಅಂವ" ಅಂದ ತಂದೆ, ತನ್ನ ತಮ್ಮನಿಗೆ. "ಏನೂ ಗೊತ್ತಿಲ್ಲಾಂದ್ರ ಅದ್ನ ಕೇಳ್ತಿದ್ದ." ಆಮೇಲೆ, "ಆಫೀಸಿಗಿ ಹೋಗಿ ಹುಡುಗಿ ಹೆಸರ ತಗೀಬ್ಯಾಡ್ರಿ ಅಂತ ಹೇಳಿ ಬಾ. ಆಕಿ ತಾಯಿ ದಿವಸ ಆದ ಮ್ಯಾಲ ನಾನೇ ಬಿಟ್ಟು ಬರ್ತೀನಿ" ಅಂದ.

ಕಾಕಾ ಮೋಟರ್ ಸೈಕಲ್ಲಿನ ಚಾವಿ ತರಲು ಒಳಗೆ ಹೋದ. ನಾನು ಕೂತು ಗಂಟು ಬಿಚ್ಚಿ, ಮೊದಲ ರೊಟ್ಟಿಯನ್ನು ನಂದಾಳ ಕೈಗೆ ಕೊಟ್ಟೆ.